17 ಕ್ಲೀನ್ ಶೀಟ್‌ಗಳ ಹಿಂದಿನ 43 ಗೋಲುಗಳು

ಮಾನ್ಯರೇ,

ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಗೋಲ್ಡನ್ ಗ್ಲೌವ್ ಪ್ರಶಸ್ತಿಯನ್ನು (ಋತುವೊಂದರಲ್ಲಿ ಅತಿ ಹೆಚ್ಚು ‘ಕ್ಲೀನ್ ಶೀಟ್’, ಅಂದರೆ ಗೋಲು ಬಿಟ್ಟುಕೊಡದ ಪಂದ್ಯಗಳನ್ನು, ಗಳಿಸಿದ ಫುಟ್‌ಬಾಲ್ ಗೋಲ್‌ಕೀಪರ್‌ಗೆ ಕೊಡುವ ಪ್ರಶಸ್ತಿ) ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮ್ಮ ಭಾಷೆ ಶುದ್ಧವಾಗಿದೆ, ಅಂಕಿಗಳೂ ಸರಿಯಾಗಿವೆ. ಆದರೆ ಅತಿ ಹೆಚ್ಚು ಪಂದ್ಯಗಳಲ್ಲಿ ಗೋಲು ಬಿಟ್ಟುಕೊಡದವನೇ ಆ ವರ್ಷದ ಶ್ರೇಷ್ಠ ಗೋಲ್‌ಕೀಪರ್ ಎಂದು ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟು, ಮುಂದೆ 2005ರಿಂದ ಈಚಿನ ವಿಜೇತರನ್ನು ವರ್ಷವಾರು ಸಾಲಾಗಿ ನಿಲ್ಲಿಸಿದ್ದೀರಿ. ಆ ತೀರ್ಪು ಸರಿಯೇ ಎಂದು ಎಲ್ಲಿಯೂ ಪರೀಕ್ಷಿಸಿಲ್ಲ.

ಪರೀಕ್ಷಿಸಲು ಬೇಕಾದ ಸಾಮಗ್ರಿ ನಿಮ್ಮ ಪಟ್ಟಿಯಲ್ಲೇ ಇದೆ. 2022–23ರ ವಿಜೇತ ಡೇವಿಡ್ ಡಿ ಗೇಯಾ ಅವರನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಮ್ಯಾಂಚೆಸ್ಟರ್ ಯುನೈಟೆಡ್ ಪರವಾಗಿ ಆ ಋತುವಿನ 38 ಪಂದ್ಯಗಳನ್ನೂ ಆಡಿದ ಅವರು 17ರಲ್ಲಿ ಗೋಲು ಬಿಟ್ಟುಕೊಡಲಿಲ್ಲ. ಉಳಿದ 21 ಪಂದ್ಯಗಳಲ್ಲಿ ತಂಡ 43 ಗೋಲು ಬಿಟ್ಟುಕೊಟ್ಟಿತು. ಬ್ರೆಂಟ್‌ಫರ್ಡ್ ಎದುರು ನಾಲ್ಕು, ಮ್ಯಾಂಚೆಸ್ಟರ್ ಸಿಟಿ ಎದುರು ಆರು, ಲಿವರ್‌ಪೂಲ್ ಎದುರು ಏಳು, ಹೀಗೆ ಮೂರೇ ಪಂದ್ಯಗಳಲ್ಲಿ 17 ಗೋಲುಗಳು. ಒಂದು ಗೋಲಿನ ಸೋಲನ್ನೂ ಏಳು ಗೋಲಿನ ಸೋಲನ್ನೂ ಈ ಪ್ರಶಸ್ತಿ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅದಕ್ಕಿಂತ ಸ್ವಾರಸ್ಯದ ಸಂಗತಿ ಮುಂದಿದೆ: ಪ್ರಶಸ್ತಿ ಗೆದ್ದ ಆ ಬೇಸಿಗೆಯಲ್ಲೇ ಡಿ ಗೇಯಾ ಅವರ ಒಪ್ಪಂದ ಮುಗಿಯಿತು, ಹೊಸ ಒಪ್ಪಂದ ಕುದುರಲಿಲ್ಲ, 12 ವರ್ಷ ಆಡಿದ ಕ್ಲಬ್ ತೊರೆದ ಅವರು ಮರುವರ್ಷವಿಡೀ ಯಾವ ತಂಡಕ್ಕೂ ಆಡದೆ, 2024ರ ಆಗಸ್ಟ್‌ನಲ್ಲಿ ಇಟಲಿಯ ಫಿಯೊರೆಂಟಿನಾ ಸೇರಿದರು. ಲೀಗ್ ಗೌರವಿಸಿದ ಆಟಗಾರನನ್ನು ಅವನದೇ ಕ್ಲಬ್ ಉಳಿಸಿಕೊಳ್ಳದೆ ಹೋದದ್ದು ಏಕೆ ಎಂಬ ಪ್ರಶ್ನೆಯಿಂದ ನಿಮ್ಮ ಲೇಖನ ಆರಂಭವಾಗಬೇಕಿತ್ತು.

ಮೊದಲ ವಿಜೇತ ಪೆಟ್ರ್ ಚೆಕ್ ಅವರ ಭಾಗಕ್ಕೂ ಇದೇ ಮಾತು ಅನ್ವಯಿಸುತ್ತದೆ. 2004–05ರಲ್ಲಿ ಅವರು ಗಳಿಸಿದ 24 ಕ್ಲೀನ್ ಶೀಟ್‌ಗಳು ಇಂದಿಗೂ ದಾಖಲೆ. ಅವರ ತಂಡ ಚೆಲ್ಸಿ ಆ ಋತುವಿನಲ್ಲಿ ಬಿಟ್ಟುಕೊಟ್ಟದ್ದು ಬರೀ 15 ಗೋಲು. ನೀವು ಚೆಕ್ ಅವರನ್ನು ‘ಏಕಾಂಗಿ ವೀರ’ ಎಂದು ಕರೆದಿದ್ದೀರಿ. ಅವರ ಮುಂದೆ ರಕ್ಷಣಾ ಆಟಗಾರರಾದ ಜಾನ್ ಟೆರಿ ಮತ್ತು ರಿಕಾರ್ಡೊ ಕಾರ್ವಾಲೊ ನಿಂತಿದ್ದರು, ಅವರಿಗೂ ಮುಂದೆ ಮಿಡ್‌ಫೀಲ್ಡರ್ ಕ್ಲಾಡ್ ಮಕೆಲೆಲೆ ಇದ್ದರು. ಇವರಲ್ಲಿ ಒಬ್ಬರ ಹೆಸರೂ ನಿಮ್ಮ ಲೇಖನದಲ್ಲಿಲ್ಲ. ಚೆಕ್ ಅವರ ಹಿರಿಮೆಯನ್ನು ಕುಗ್ಗಿಸಿ ಎಂದು ನಾನು ಹೇಳುತ್ತಿಲ್ಲ. ಚೆಂಡು ಗೋಲ್‌ಕೀಪರ್‌ವರೆಗೆ ಬಾರದಂತೆ ತಡೆದವರು ಯಾರು, ಬಂದ ಚೆಂಡನ್ನು ಚೆಕ್ ತಡೆದದ್ದು ಹೇಗೆ ಎಂಬುದನ್ನು ಬೇರ್ಪಡಿಸಿ ಬರೆದರೆ ಆ ಹಿರಿಮೆ ನಂಬುವಂತಾಗುತ್ತದೆ. ‘ವೀರ’, ‘ಅಭೇದ್ಯ’, ‘ಮಾಂತ್ರಿಕ’ ಮುಂತಾದ ವಿಶೇಷಣಗಳನ್ನು ದಯವಿಟ್ಟು ಕೈಬಿಡಿ.

2024–25ರ ಜಂಟಿ ಪ್ರಶಸ್ತಿಯನ್ನು ನೀವು ‘ಸಮಬಲದ ಸಾಧನೆ’ ಎಂದಿದ್ದೀರಿ. ಆರ್ಸೆನಲ್‌ನ ಡೇವಿಡ್ ರಾಯಾ, ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಮ್ಯಾಟ್ಸ್ ಸೆಲ್ಸ್ ಇಬ್ಬರೂ 38 ಪಂದ್ಯ ಆಡಿ 13 ಕ್ಲೀನ್ ಶೀಟ್ ಗಳಿಸಿದರು, ನಿಜ. ಆದರೆ ಆರ್ಸೆನಲ್ 34 ಗೋಲು ಬಿಟ್ಟುಕೊಟ್ಟರೆ ಫಾರೆಸ್ಟ್ 46 ಬಿಟ್ಟುಕೊಟ್ಟಿತು. ಸ್ಪೇನ್‌ನಲ್ಲಿ ‘ಮಾರ್ಕಾ’ ಪತ್ರಿಕೆ ನೀಡುವ ಜಮೋರಾ ಪ್ರಶಸ್ತಿಗೆ ಪಂದ್ಯವೊಂದಕ್ಕೆ ಬಿಟ್ಟುಕೊಟ್ಟ ಗೋಲುಗಳ ಸರಾಸರಿಯೇ ಅಳತೆ. ಆ ಅಳತೆ ಹಿಡಿದರೆ ರಾಯಾ ಮುಂದೆ ಬರುತ್ತಾರೆ. ಹಾಗೆಂದು ಅದೂ ದೋಷಮುಕ್ತವಲ್ಲ, ಏಕೆಂದರೆ ಸದಾ ದಾಳಿಗೆ ಒಳಗಾಗುವ ದುರ್ಬಲ ತಂಡದ ಗೋಲ್‌ಕೀಪರ್ ಎಷ್ಟೇ ಚೆನ್ನಾಗಿ ಆಡಿದರೂ ಎರಡೂ ಲೆಕ್ಕಗಳಲ್ಲಿ ಹಿಂದೆ ಬೀಳುತ್ತಾನೆ. ಈ ತುಲನೆಗೆ ಒಂದು ಪ್ಯಾರಾ ಸಾಕು.

ಇದು ಕನ್ನಡ ಓದುಗರಿಗೆ ‘ದೂರದ ದೇಶದ ಮಾತು’ ಎಂದು ಕೊನೆಯಲ್ಲಿ ಕ್ಷಮೆ ಕೋರಿದ್ದೀರಿ, ಅದರ ಅಗತ್ಯವಿಲ್ಲ. ಇಂಡಿಯನ್ ಸೂಪರ್ ಲೀಗ್‌ನಲ್ಲೂ ಗೋಲ್ಡನ್ ಗ್ಲೌವ್ ಇದೆ, ಬೆಂಗಳೂರು ಎಫ್‌ಸಿಯ ಗುರ್‌ಪ್ರೀತ್ ಸಿಂಗ್ ಸಂಧು 2018–19 ಮತ್ತು 2019–20ರಲ್ಲಿ ಅದನ್ನು ಸತತವಾಗಿ ಗೆದ್ದಿದ್ದಾರೆ. ಕಂಠೀರವ ಕ್ರೀಡಾಂಗಣದಲ್ಲಿ ಅವರ ಆಟ ನೋಡಿದ ಓದುಗರು ನಮಗಿದ್ದಾರೆ. ಆದರೂ ಇಂಗ್ಲೆಂಡಿನ ಲೇಖನಕ್ಕೆ ಅದನ್ನು ಬಾಲದಂತೆ ಅಂಟಿಸಬೇಡಿ. ಮುಂದೆ ಪ್ರತ್ಯೇಕವಾಗಿ ಬರೆಯಿರಿ.

ಡಿ ಗೇಯಾ ಅವರಿಂದ ಆರಂಭಿಸಿ, ಚೆಕ್ ಮತ್ತು 2024–25ರ ಜಂಟಿ ವಿಜೇತರನ್ನು ಉಳಿಸಿಕೊಂಡು, ಉಳಿದ ಹೆಸರುಗಳನ್ನು ತೆಗೆದು, ಈಗಿನ ಅರ್ಧದಷ್ಟು ಉದ್ದಕ್ಕೆ ಇಳಿಸಿ ಕಳುಹಿಸಿದರೆ ಮತ್ತೆ ಪರಿಶೀಲಿಸುತ್ತೇನೆ.

ಇತಿ,
ಸಂಪಾದಕ