ಪ್ರತಿಕ್ರಿಯೆ: ಹವಾಮಾನದ ಪಾಠ ಮತ್ತು ಮೌನವಾಗುವ ತರಗತಿ

ಹವಾಮಾನ ಬದಲಾವಣೆಯ ಪಾಠ ಮಾಡುವಾಗ ಒಂಬತ್ತನೇ ತರಗತಿಯ ಮಕ್ಕಳು ಮೌನವಾಗಿಬಿಡುತ್ತಾರೆ, ಅವರನ್ನು ತಲುಪುವುದು ಹೇಗೆ ಎಂದು ಕೇಳಿದ್ದೀರಿ. ಆ ಮೌನವನ್ನು ನಿರಾಸಕ್ತಿಯೆಂದು ತಿಳಿಯಬೇಡಿ. ಅನೇಕ ವೇಳೆ ಅದರ ಹಿಂದೆ ಭಯವಿರುತ್ತದೆ. ಅಂಕಿಅಂಶಗಳಿಂದ ಆರಂಭಿಸುವ ಬದಲು, ತಮ್ಮನ್ನು ಕಾಡುವ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಯಲು ಹೇಳಿ, ಅವುಗಳ ಮೇಲೆಯೇ ಪಾಠವನ್ನು ಕಟ್ಟಿ. ಬಳಿಕ, ಭರವಸೆ ಮೂಡಿಸಲು, ಓಝೋನ್ ಪದರದ ಕಥೆಯನ್ನು ಬಿಡುವಾಗಿ ಹೇಳಬಹುದು: 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಝೋನ್ ಕುಸಿತ ವರದಿಯಾಯಿತು, 1987ರಲ್ಲಿಯೇ ಓಝೋನ್ ಕೆಡಿಸುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದವಾದ ಮಾಂಟ್ರಿಯಲ್ ಪ್ರೋಟೊಕಾಲ್‌ಗೆ ಸಹಿ ಬಿತ್ತು (ರಾಜತಾಂತ್ರಿಕ ಲೆಕ್ಕದಲ್ಲಿ ಇದು ಅಪರೂಪದ ವೇಗ), ಪದರವೀಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಆದರೆ ಸುಳ್ಳು ಸಮಾಧಾನವನ್ನು ಆ ವಯಸ್ಸಿನವರು ಕೂಡಲೇ ಗುರುತಿಸುವುದರಿಂದ, ಫ್ರಿಜ್, ಎ.ಸಿ.ಗಳಲ್ಲಿನ ಓಝೋನ್ ಕೆಡಿಸುವ ಶೀತಕಗಳಿಗೆ ಬದಲಿ ಸಿಕ್ಕಷ್ಟು ಸುಲಭವಾಗಿ ಕಲ್ಲಿದ್ದಲು, ತೈಲಗಳಿಗೆ ಬದಲಿ ಸಿಗುತ್ತಿಲ್ಲವೆಂಬುದನ್ನೂ ಮುಚ್ಚಿಡದೆ ತಿಳಿಸಿ, ಈ ವ್ಯತ್ಯಾಸ ಏಕೆ ಎಂಬುದನ್ನೇ ಅವರ ಚರ್ಚೆಗೆ ಬಿಡಿ.