ಓದುಗರ ಪ್ರಶ್ನೆ: ಸಿಡಿಯುವ ಕಲ್ಲು, ಆರದ ಕೆಂಡ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ. ಹಿತ್ತಿಲಲ್ಲಿ ಹೊಳೆಯ ಗುಂಡುಕಲ್ಲು ಸುತ್ತ ಜೋಡಿಸಿ ಬೆಂಕಿ ಹಾಕಿದಾಗ ಒಂದು ಕಲ್ಲು ಪಟಾಕಿಯಂತೆ ಸಿಡಿದು ಚೂರುಗಳು ಹಾರಿದವು. ಈಗ ಬೆಂಕಿಗುಂಡಿಯನ್ನು (ಫೈರ್ ಪಿಟ್) ಕಾಯಂ ಆಗಿ ಕಟ್ಟಿಸಬೇಕೆಂದಿದ್ದೇವೆ. ಜಂಬಿಟ್ಟಿಗೆ ಆದೀತೆ?

ಉತ್ತರ: ಕಲ್ಲನ್ನು ಸಿಡಿಸಿದ್ದು ಅದರೊಳಗಿದ್ದ ನೀರು. ಹೊಳೆಗಲ್ಲಿನ ಸಣ್ಣ ಬಿರುಕುಗಳಲ್ಲಿ ವರ್ಷಗಟ್ಟಲೆ ನೀರು ಇಳಿದಿರುತ್ತದೆ. ಎರಡು ದಿನ ಬಿಸಿಲಿಗಿಟ್ಟರೆ ಮೇಲ್ಮೈ ಒಣಗೀತು, ಒಡಲು ಒಣಗದು. ಕಾದ ನೀರು ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಹೊರಬರಲು ದಾರಿಯಿಲ್ಲದಿದ್ದರೆ ಕಲ್ಲನ್ನೇ ಒಡೆಯುತ್ತದೆ. ಜಂಬಿಟ್ಟಿಗೆಯ ಮೈತುಂಬ ತೂತು. ನಿಮ್ಮೂರ ಮಳೆ ಹೀರಿ ಅದೇ ಪಾಡಾಗುತ್ತದೆ. ಸುತ್ತ ಕೂರುವ ಕಟ್ಟೆಗೆ ಬಳಸಿ, ಉರಿಯ ಪಕ್ಕಕ್ಕೆ ಬೇಡ. ಗ್ರಾನೈಟ್ ಕೂಡ ಕಾದಾಗ ಚಕ್ಕೆ ಏಳುತ್ತದೆ.

ಒಳಸುತ್ತಿಗೆ ಫೈರ್ ಬ್ರಿಕ್ (ಕಡುಕಾವು ತಾಳುವ ಇಟ್ಟಿಗೆ) ತನ್ನಿ, ಬಜೆಟ್ ಸಾಲದಿದ್ದರೆ ಚೆನ್ನಾಗಿ ಸುಟ್ಟ ಮಣ್ಣಿನ ಇಟ್ಟಿಗೆ. ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಒಳಅಗಲ 3 ಅಡಿ ಸಾಕು. ಇನ್ನೂ ದೊಡ್ಡದಾದರೆ ಸೌದೆ ತಿನ್ನುತ್ತದೆ, ಜನ ದೂರ ಕೂರಬೇಕಾಗುತ್ತದೆ. 4 ಅಡಿ ಅಗಲ, 9 ಇಂಚು ಆಳ ಅಗೆದು 6 ಇಂಚು ಒಣ ಜಲ್ಲಿ ತುಂಬಿ, ಮಳೆನೀರು ಇಂಗಲಿ. ಅದರ ಮೇಲೆ 9 ಇಂಚಿನ ಇಟ್ಟಿಗೆಗಳನ್ನು ಉದ್ದುದ್ದಕ್ಕೆ ಸುತ್ತ ಇಡಿ. ಒಂದು ಸುತ್ತಿನಲ್ಲಿ 12 ಇಟ್ಟಿಗೆ ಹಿಡಿದು ಸುಮಾರು 5 ಇಂಚು ಉಳಿಯುತ್ತದೆ. ನೆಲದ ಮೇಲಿನ ಮೊದಲ ಸಾಲಿನಲ್ಲಿ ಆ ಉಳಿಕೆಯನ್ನೇ ನಾಲ್ಕು ಕಡೆ ಹಂಚಿದರೆ ಗಾಳಿಕಂಡಿ ಸಿಕ್ಕಿತು. ಕಂಡಿಯಿಲ್ಲದ ಗುಂಡಿ ಬರೀ ಹೊಗೆಯಾಡುತ್ತದೆ. ನೆಲದಡಿ ಒಂದು, ಮೇಲೆ ಮೂರು, ಒಟ್ಟು ನಾಲ್ಕು ಸಾಲಿಗೆ 48 ಇಟ್ಟಿಗೆ; ಒಡೆಯುವುದಕ್ಕೆಂದು ಐದಾರು ಹೆಚ್ಚು ತನ್ನಿ. ಒಂದರ ಸಂದಿನ ಮೇಲೆ ಇನ್ನೊಂದರ ನಡು ಬರಲಿ. ಗಾರೆ ಬೇಕೇಬೇಕೆಂದರೆ ಫೈರ್ ಕ್ಲೇ (ಕಾವು ತಾಳುವ ಜೇಡಿಮಣ್ಣು) ಮಾತ್ರ. ಸಿಮೆಂಟ್ ಗಾರೆ ನಾಲ್ಕಾರು ಬೆಂಕಿಗೇ ಉದುರುತ್ತದೆ. ಕಟ್ಟಿದ ಮೇಲೆ ಮೊದಲೆರಡು ಸಲ ಸಣ್ಣ ಬೆಂಕಿಯಷ್ಟೇ ಹಾಕಿ.

ಮನೆ, ಸೌದೆಕೊಟ್ಟಿಗೆ, ಬೇಲಿಯಿಂದ ಕನಿಷ್ಠ 20 ಅಡಿ ದೂರವಿರಲಿ, ತಲೆಯ ಮೇಲೆ ಕೊಂಬೆ ಇರಬಾರದು. ಸಿಲ್ವರ್ ಓಕ್ ಎಲೆ ಉದುರುವ ಬೇಸಗೆಯಲ್ಲಿ ಸುತ್ತ 10 ಅಡಿ ದಿನಾ ಗುಡಿಸಿ. ಗಾಳಿ ಬೀಸುವ ರಾತ್ರಿ ಅತಿಥಿಗಳು ಎಷ್ಟೇ ಗೋಗರೆದರೂ ಬೆಂಕಿ ಬೇಡ.

ಸೀಳಿ ಆರು ತಿಂಗಳಾದರೂ ಒಣಗಿಸಿದ ಸೌದೆಯನ್ನೇ ಬಳಸಿ. ಎರಡು ತುಂಡು ಬಡಿದರೆ ಟಣ್ ಎನ್ನಬೇಕು, ಹಸಿಯಾದರೆ ದಬ್ ಎನ್ನುತ್ತದೆ. ಹೊಳಗೇರು ಮರದ ತುಂಡು ಸೇರದಂತೆ ನೋಡಿಕೊಳ್ಳಿ, ಅದರ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಹೊತ್ತಿಸಲು ತೆಂಗಿನ ಸಿಪ್ಪೆ, ಅಡಿಕೆ ಹಾಳೆ ಸಾಕು. ಪೆಟ್ರೋಲಿನ ಆವಿ ಕಡ್ಡಿ ಗೀರುವ ಮೊದಲೇ ಸುತ್ತ ಹರಡಿರುತ್ತದೆ, ಹಾಗಾಗಿ ಹೊತ್ತಿಕೊಳ್ಳುವುದು ಹೊತ್ತಿಸುವವರ ಬಟ್ಟೆ.

ಪ್ರಶ್ನೆ: ಬೆಂಗಳೂರಿನ ತಾರಸಿಯಲ್ಲಿ ಕಬ್ಬಿಣದ ಫೈರ್ ಪಿಟ್ ಇಡಬಹುದೇ?

ಉತ್ತರ: ಸೌದೆಯದ್ದು ಬೇಡ. ಕಿಡಿ ಪಕ್ಕದ ಮನೆಯ ಒಣಬಟ್ಟೆಗೆ, ಪ್ಲಾಸ್ಟಿಕ್ ಟ್ಯಾಂಕಿಗೆ, ಕೇಬಲ್ಲಿಗೆ ಹಾರುತ್ತದೆ. ತಳದ ಕಾವಿಗೆ ತಾರಸಿಯ ವಾಟರ್‌ಪ್ರೂಫಿಂಗ್ ಹಾಳಾಗಿ ಮಳೆಗಾಲದಲ್ಲಿ ಸೋರುತ್ತದೆ.

ಪ್ರಶ್ನೆ: ಚಳಿಗೆ ಉಳಿದ ಕೆಂಡವನ್ನು ಅಗ್ಗಿಷ್ಟಿಕೆಗೆ ತುಂಬಿ ಮಲಗುವ ಕೋಣೆಯಲ್ಲಿ ಇಡುತ್ತೇವೆ. ಹೊಗೆಯೇನೂ ಇಲ್ಲ, ತೊಂದರೆಯಿದೆಯೇ?

ಉತ್ತರ: ಇವತ್ತೇ ನಿಲ್ಲಿಸಿ. ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆನೋವು, ಮಂಪರು, ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯದೆ ಸಾವು. ಕಿಟಕಿ ಬೆರಳಷ್ಟು ತೆರೆದಿಟ್ಟರೂ ಸಾಲದು.

ಕೆಂಡವನ್ನು ಗುಂಡಿಯಲ್ಲೇ ಆರಿಸಿ. ಗಾಳಿಗೆ ಎದುರಾಗದ ಕಡೆ ನಿಂತು ನೀರನ್ನು ನಿಧಾನ ಚಿಮುಕಿಸಿ, ಸಲಿಕೆಯಿಂದ ತಿರುವಿ, ಮತ್ತೆ ಹಾಕಿ. ಬಕೆಟ್ ಒಂದೇ ಸಲ ಸುರಿದರೆ ಬಿಸಿ ಆವಿ ಮುಖಕ್ಕೆ ಬಡಿಯುತ್ತದೆ. ಬೂದಿಯೊಳಗೆ ಕೆಂಡ ಮರುದಿನವೂ ಜೀವ ಹಿಡಿದಿರಬಹುದು. ಗೋಣಿಚೀಲ, ಪ್ಲಾಸ್ಟಿಕ್ ಬಕೆಟ್ ಬಿಟ್ಟು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಎರಡು ದಿನ ಇಟ್ಟು, ಆಮೇಲೆ ತೆಂಗಿನ ಬುಡಕ್ಕೆ ಹಾಕಿ. ಬಣ್ಣ ಬಳಿದ ಮರವನ್ನೋ ಪ್ಲೈವುಡ್ಡನ್ನೋ ಉರಿಸಿದ್ದರೆ ಆ ಬೂದಿ ಗಿಡಕ್ಕೂ ಬೇಡ.