ಬಟ್ಟೆಗೆ ಬಣ್ಣ ಹಾಕೋ ಡೈ ಪುಡಿ ಕಲಸೋಕೆ ಬಟ್ಟೆ ಮಾಸ್ಕ್ ಸಾಕಾ, ಎನ್95 ಬೇಕಾ?

ಎನ್95 ಬೇಕು, ಬಟ್ಟೆಯದ್ದು ಸಾಲದು. ಆದರೆ ನಾನೂ ಎನ್95 ಹಾಕಿಕೊಂಡೇ ರಿಯಾಕ್ಟಿವ್ ಡೈ (ಹತ್ತಿ ಬಟ್ಟೆಗೆ ಹಾಕುವ ಪುಡಿ ಬಣ್ಣ) ಕಲಸುತ್ತಿದ್ದೆ, ಆದರೂ ಆಸ್ತಮಾ ಬಂತು.

ಮೊದಲ 3 ವರ್ಷ ಏನೂ ಆಗಲಿಲ್ಲ. ಆಮೇಲೆ ಬಣ್ಣ ಹಾಕಿದ ದಿನ ರಾತ್ರಿ ಕೆಮ್ಮು ಶುರುವಾಯಿತು. ಕೆಲಸ ಮಾಡುವಾಗ ಇರುತ್ತಿರಲಿಲ್ಲ, ಮಲಗಿದ ಮೇಲೆ ಬರುತ್ತಿತ್ತು. ಅದಕ್ಕೇ ಡೈ ಮೇಲೆ ಅನುಮಾನವೇ ಬರಲಿಲ್ಲ. ನೆಗಡಿ ಅಂದುಕೊಂಡು ಎಂಟು ತಿಂಗಳು ಕಳೆದೆ. ಕೊನೆಗೆ ಡಾಕ್ಟರ್, "ಕೆಲಸ ಇಲ್ಲದ ವಾರ ಕೆಮ್ಮು ಕಡಿಮೆ ಇರುತ್ತಾ?" ಅಂತ ಕೇಳಿದರು. ಇರುತ್ತಿತ್ತು.

ನನ್ನ ತಪ್ಪು ಏನು ಗೊತ್ತಾ? ಡಬ್ಬಿ ಮುಚ್ಚಿದ ಕೂಡಲೇ ಮಾಸ್ಕ್ ತೆಗೆಯುತ್ತಿದ್ದೆ. ಆಮೇಲೆ ಫ್ಯಾನ್ ಹಾಕಿಕೊಂಡು, ಮೇಜನ್ನು ಒಣ ಬಟ್ಟೆಯಲ್ಲಿ ಒರೆಸಿ, ನೆಲ ಗುಡಿಸುತ್ತಿದ್ದೆ. ಡಬ್ಬಿ ಮುಚ್ಚಿದರೆ ಒಳಗಿನ ಪುಡಿ ಒಳಗಿರುತ್ತೆ ಅಷ್ಟೇ, ಚಮಚದಿಂದ ಎದ್ದದ್ದು ಗಾಳಿಯಲ್ಲೇ ಇರುತ್ತೆ, ಮೇಜಿನ ಮೇಲೆ ಕೂತದ್ದನ್ನು ನಾನೇ ಪೊರಕೆ ಹಿಡಿದು ಮತ್ತೆ ಎಬ್ಬಿಸುತ್ತಿದ್ದೆ, ಅದೂ ಮಾಸ್ಕ್ ಇಲ್ಲದೆ. ಡಾಕ್ಟರ್ ಹತ್ತಿರ ಹೋಗಿ ಬಂದ ಮೇಲೆ ಒಂದು ದಿನ, ಗುಡಿಸಿ ಮುಗಿಸಿ, ಡಬ್ಬಿಯಿಂದ ದೂರದ ಮೂಲೆಯಲ್ಲಿ ಬಿಳಿ ಟಿಶ್ಯೂ ಒದ್ದೆ ಮಾಡಿ ಹಾಸಿಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಅದರ ತುಂಬ ಸೂಜಿಮೊನೆಯಷ್ಟು ನೀಲಿ, ಗುಲಾಬಿ ಚುಕ್ಕೆಗಳು. ಒಂದೊಂದೂ ನಿಧಾನಕ್ಕೆ ಹರಡಿಕೊಳ್ಳುತ್ತಿತ್ತು. ಅಷ್ಟು ವರ್ಷ ನಾನು ಉಸಿರಾಡಿದ್ದು ಅದನ್ನೇ.

ಈ ಡೈ ಹತ್ತಿಯ ನಾರಿಗೆ ಬೆಸೆದುಕೊಳ್ಳುತ್ತೆ, ಅದಕ್ಕೇ ಒಗೆದರೂ ಹೋಗಲ್ಲ. ಶ್ವಾಸಕೋಶದಲ್ಲಿ ನಮ್ಮ ಪ್ರೋಟೀನಿಗೂ ಹಾಗೇ ಅಂಟಿಕೊಳ್ಳುತ್ತೆ. ಅದರಿಂದ ಅಲರ್ಜಿ ಆಗಬಹುದು, ಆದರೆ ಎಲ್ಲರಿಗೂ ಆಗಲ್ಲ. ಯಾರಿಗೆ ಆಗುತ್ತೆ ಅಂತ ಮುಂಚೆ ಗೊತ್ತಾಗಲ್ಲ. ಒಮ್ಮೆ ಆಯಿತು ಅಂದರೆ ಆಮೇಲೆ ಒಂದು ಚಿಟಿಕೆಯೂ ಬೇಡ, ಉಬ್ಬಸ ಬರುತ್ತೆ. ನಾನು ಈಗ ಪುಡಿ ಮುಟ್ಟುವುದೇ ಇಲ್ಲ.

ಹಾಗಾಗಿ ಮಾಸ್ಕ್ ಯಾವುದು ಅನ್ನೋದು ಆಮೇಲಿನ ಮಾತು. ಮೊದಲು ಪುಡಿ ಏಳದ ಹಾಗೆ ನೋಡಿಕೊಳ್ಳಿ. ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಒಳಗೆ ಒದ್ದೆ ಪೇಪರ್ ಹಾಸಿ, ಅದರೊಳಗೇ ಪುಡಿ ತೆಗೆದು ನೀರಿಗೆ ಕಲಸಿ. ಫ್ಯಾನ್ ಬಂದ್ ಮಾಡಿ. ಗುಡಿಸಲೇಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸಿ ಮುಗಿಯುವವರೆಗೂ ಮಾಸ್ಕ್ ಮುಖದ ಮೇಲೇ ಇರಲಿ. ಡೈ ಕಲಸುವ ಚಮಚ, ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಬಣ್ಣ ಹಿಡಿಸೋಕೆ ಡೈ ಜೊತೆ ಹಾಕುವ ಸೋಡಾ ಆಶ್ (ಬಟ್ಟೆ ಸೋಡಾ) ಕಣ್ಣಿಗೆ ಬಿದ್ದರೆ ಸುಡುತ್ತೆ, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಹಾಕಿಕೊಳ್ಳಿ.

ಇದೆಲ್ಲ ಯಾಕೆ, ನ್ಯಾಚುರಲ್ ಡೈಗೆ ಹೋದರೆ ಸೇಫ್ ಅಂತ ಕೆಲವರು ಹೇಳುತ್ತಾರೆ. ಇದನ್ನು ನಾನು ಒಪ್ಪಲ್ಲ. ಬೇರು, ತೊಗಟೆ ಪುಡಿಯೂ ಪುಡಿಯೇ ಅಲ್ವಾ? ಬಣ್ಣ ಹಿಡಿಸೋಕೆ ಕೆಲವರು ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕುತ್ತಾರೆ, ಅದು ಕ್ಯಾನ್ಸರ್ ತರುವ ವಸ್ತು. ಪಟಿಕ ಇರುವಾಗ ಅದು ಯಾಕೆ ಬೇಕು?

ರಾತ್ರಿ ಕೆಮ್ಮು ಈಗಾಗಲೇ ಶುರುವಾಗಿದ್ದರೆ ನನ್ನ ಹಾಗೆ ಕಾಯಬೇಡಿ. ಡಾಕ್ಟರ್ ಹತ್ತಿರ ಹೋಗುವಾಗ ಡೈ ಡಬ್ಬಿಯ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ.